ಮಿಲಿಟರಿ ಕ್ಯಾಂಟೀನಿನ ಕಾರ್ಡು ಅಗ್ನಿಶಾಮಕದವರಿಗೂ ಸಿಗಬೇಕೇ?

ಪ್ರಶ್ನೆ: ಸುಬೇದಾರ್ ಸಾಹೇಬರಿಗೆ ನಮಸ್ಕಾರ. ನಮ್ಮದು ಬೈಲಹೊಂಗಲ. ನನ್ನ ಯಜಮಾನರು ಅಗ್ನಿಶಾಮಕ ಠಾಣೆಯಲ್ಲಿದ್ದಾರೆ. ಅವರ ಅಣ್ಣ, ಅಂದರೆ ನಮ್ಮ ಭಾವನವರು, ಮರಾಠಾ ರೆಜಿಮೆಂಟಿನಲ್ಲಿ ಹವಾಲ್ದಾರರಾಗಿ ನಿವೃತ್ತಿಯಾದವರು. ಒಂದೇ ಮನೆ, ಒಲೆ ಎರಡು. ನೆಗೆಣ್ಣಿ ತಿಂಗಳಿಗೊಮ್ಮೆ ಬೆಳಗಾವಿ ಕ್ಯಾಂಪಿಗೆ ಹೋಗಿ ಕ್ಯಾಂಟೀನಿನಿಂದ ಸಾಮಾನು ತರುತ್ತಾಳೆ. ಅದೇ ಸೋಪು, ಅದೇ ಚಹಾಪುಡಿ ನಾವು ಪೇಟೆಯಲ್ಲಿ ಹೆಚ್ಚು ಕೊಟ್ಟು ತರುತ್ತೇವೆ. 2019ರ ಮಹಾಪೂರದಲ್ಲಿ ನಮ್ಮವರು ಐದು ದಿನ ಮನೆಗೆ ಬಂದಿರಲಿಲ್ಲ. ಮಿಲಿಟರಿಯವರ ಜೊತೆಗೇ ನೀರಿನಲ್ಲಿದ್ದರು. ನನ್ನ ತಮ್ಮ ಗೃಹರಕ್ಷಕ ದಳದಲ್ಲಿದ್ದಾನೆ. ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ, ಆಂಬ್ಯುಲೆನ್ಸಿನವರಿಗೂ ಮಿಲಿಟರಿ ಕ್ಯಾಂಟೀನ್ ತೆರೆಯಬೇಕೆಂದು ನಾವು ಹೆಣ್ಣುಮಕ್ಕಳೆಲ್ಲ ಸಹಿ ಮಾಡಿ ಮನವಿ ಕೊಡಬೇಕೆಂದಿದ್ದೇವೆ. ಇದು ಆಗುವ ಮಾತೇ? ಅಲ್ಲಿಯವರೆಗೆ ಭಾವನವರ ಕಾರ್ಡಿನ ಮೇಲೆ ನಮ್ಮ ಸಾಮಾನು ತರಿಸಿಕೊಂಡರೆ ನಡೆಯುತ್ತದೆಯೇ?

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತರಿಸಿಕೊಳ್ಳಬೇಡಿ. ಆ ಕಾರ್ಡು ನಿಮ್ಮ ಭಾವನವರಿಗೆ ಮತ್ತು ಅವರನ್ನು ಅವಲಂಬಿಸಿದವರಿಗೆ ಕೊಟ್ಟದ್ದು. ಒಲೆ ಬೇರೆಯಾದ ತಮ್ಮನ ಸಂಸಾರ ಅದರಲ್ಲಿ ಬರುವುದಿಲ್ಲ. ಒಂದು ಡಬ್ಬಿ ಚಹಾಪುಡಿ ಹಂಚಿಕೊಂಡರೆ ಯಾರೂ ಬಂದು ಕೇಳುವುದಿಲ್ಲ, ಮನೆ ಅಂದಮೇಲೆ ಅಷ್ಟು ಇದ್ದದ್ದೇ. ಆದರೆ ಪ್ರತಿ ತಿಂಗಳೂ ಎರಡು ಮನೆಯ ಸಾಮಾನು ಒಂದೇ ಕಾರ್ಡಿನ ಮೇಲೆ ಹೋದರೆ, ಅದರಲ್ಲೂ ಫ್ರಿಜ್ಜು, ಮೋಟರ್‌ಸೈಕಲ್ಲಿನಂಥದ್ದು ಬೇರೆಯವರಿಗಾಗಿ ತೆಗೆದರೆ, ಕಾರ್ಡು ಬಂದ್ ಆಗುತ್ತದೆ. ಬಂದ್ ಆದ ಕಾರ್ಡು ಮತ್ತೆ ಚಾಲೂ ಮಾಡಿಸಲು ಓಡಾಡಿದ ಮುದುಕರನ್ನು ನಾನು ಕಂಡಿದ್ದೇನೆ. ನಿಮ್ಮ ಭಾವನವರ ಹದಿನೇಳು-ಹದಿನೆಂಟು ವರ್ಷದ ದುಡಿಮೆಯ ಗುರುತು ಅದು. ಅದಕ್ಕೆ ಕುತ್ತು ತರಬೇಡಿ.

ಇನ್ನು ನಿಮ್ಮ ಮನವಿ. ಕೇಳುವುದರಲ್ಲಿ ತಪ್ಪೇನಿಲ್ಲ, ನಿಮ್ಮ ನೋವು ಖರೇನೇ. ಆದರೆ ನೀವು ತಟ್ಟಹೊರಟ ಬಾಗಿಲು ಬೇರೆಯವರದು. ನಾನು ಸೇವೆಯಲ್ಲಿದ್ದಾಗ ಆರು ವರ್ಷ ಪಲ್ಟನ್ನಿನ ಕ್ಯಾಂಟೀನ್ ನೋಡಿಕೊಂಡವನು. ನಿವೃತ್ತನಾದ ಮೇಲೆ ಮಾಜಿ ಸೈನಿಕರ, ವೀರಪತ್ನಿಯರ ಕಾರ್ಡಿನ ಕಾಗದಪತ್ರ ಮಾಡಿಸಿಕೊಡುತ್ತ ಬಂದಿದ್ದೇನೆ. ಆ ಅಂಗಡಿಯ ಒಳಗು ಹೇಗಿದೆ ಎಂದು ಹೇಳುತ್ತೇನೆ, ಆಮೇಲೆ ಮನವಿಯಲ್ಲಿ ಏನು ಬರೆಯಬೇಕೆಂದು ನೀವೇ ನಿರ್ಧರಿಸಿ.

ಜನ 'ಮಿಲಿಟರಿ ಕ್ಯಾಂಟೀನ್' ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಅಂದರೆ ಸಿಎಸ್‌ಡಿ. ಇದು 1948ರ ಜನವರಿಯಲ್ಲಿ ಶುರುವಾದ ಕೇಂದ್ರ ರಕ್ಷಣಾ ಸಚಿವಾಲಯದ ಇಲಾಖೆ. ಮುಖ್ಯ ಕಚೇರಿ ಮುಂಬಯಿಯಲ್ಲಿ. ಇದು ಸಗಟು ವ್ಯಾಪಾರಿ ಇದ್ದ ಹಾಗೆ. ಕಂಪನಿಗಳಿಂದ ಕೊಳ್ಳುತ್ತದೆ, ತನ್ನ ಡಿಪೋಗಳಲ್ಲಿ ಇಡುತ್ತದೆ. ಇನ್ನೊಂದು, ನಿಮ್ಮ ನೆಗೆಣ್ಣಿ ಸರದಿಯಲ್ಲಿ ನಿಲ್ಲುವ ಅಂಗಡಿ. ಅದಕ್ಕೆ ಯುಆರ್‌ಸಿ ಎನ್ನುತ್ತಾರೆ, ಪಲ್ಟನ್ನಿನವರೇ ನಡೆಸುವ ಕ್ಯಾಂಟೀನ್. ಅದು ಸರ್ಕಾರಿ ಅಂಗಡಿಯಲ್ಲ. ಅದರ ಬಂಡವಾಳ ರೆಜಿಮೆಂಟಿನ ನಿಧಿಯದು. ಅದರಲ್ಲಿ ಉಳಿದ ನಾಲ್ಕು ಕಾಸು ಜವಾನರ ಮಕ್ಕಳ ಆಟದ ಮೈದಾನಕ್ಕೆ, ವಾಚನಾಲಯಕ್ಕೆ, ಕಷ್ಟದಲ್ಲಿರುವ ಜವಾನನ ಮನೆಗೆ ಹೋಗುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗರು ಕೂಡ ಸರ್ಕಾರಿ ನೌಕರರಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದೇ ಕಾರಣಕ್ಕೆ. ಹಾಗಾಗಿ 'ಸರ್ಕಾರದ ಅಂಗಡಿ, ಎಲ್ಲ ಸರ್ಕಾರಿ ನೌಕರರಿಗೂ ತೆರೆಯಲಿ' ಎಂದು ಬರೆದರೆ ಮನವಿ ಮೊದಲ ಮೇಜಿನಲ್ಲೇ ನಿಲ್ಲುತ್ತದೆ.

ಮತ್ತೆ ಅಲ್ಲಿ ಸಾಮಾನು ಹೇಗೆ ಅಗ್ಗ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಮನವಿಯ ಜೀವ ಇರುವುದು ಈ ಲೆಕ್ಕದಲ್ಲಿ. ಮೂರು ಕಡೆಯಿಂದ ಬೆಲೆ ಇಳಿಯುತ್ತದೆ. ದೇಶಕ್ಕೆಲ್ಲ ಒಟ್ಟಿಗೆ ಕೊಳ್ಳುವುದರಿಂದ ಕಂಪನಿ ದರ ಇಳಿಸಿ ಕೊಡುತ್ತದೆ. ಪಲ್ಟನ್ನಿನ ಕ್ಯಾಂಟೀನು ಕಿರಾಣಿ ಅಂಗಡಿಯವರಷ್ಟು ಲಾಭ ಇಟ್ಟುಕೊಳ್ಳುವುದಿಲ್ಲ. ಮೂರನೆಯದು ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ, ಸಿಎಸ್‌ಡಿ ಕೊಳ್ಳುವ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯಲ್ಲಿ ಅರ್ಧವನ್ನು ಮರಳಿ ಪಡೆಯಬಹುದು ಎಂದು ತೀರ್ಮಾನವಾಯಿತು. ಸಿಎಸ್‌ಡಿಯಿಂದ ಪಲ್ಟನ್ನಿನ ಕ್ಯಾಂಟೀನಿಗೆ, ಅಲ್ಲಿಂದ ಕಾರ್ಡುದಾರನಿಗೆ ಸಾಮಾನು ಹೋಗುವಾಗ ಮತ್ತೆ ತೆರಿಗೆ ಬೀಳುವುದಿಲ್ಲ.

ಈಗ ಲೆಕ್ಕ ಹಾಕೋಣ. ತೆರಿಗೆ ಸೇರಿಸದೆ ನೂರು ರೂಪಾಯಿ ಬೆಲೆಯ ಸೋಪು, ಟೂತ್‌ಪೇಸ್ಟು, ತಲೆಗೆಣ್ಣೆ. ಮೊದಲು ಇವುಗಳ ಮೇಲೆ ಶೇ 18 ತೆರಿಗೆ ಇತ್ತು. ಅರ್ಧ ಮರಳಿದರೆ ಒಂಬತ್ತು ರೂಪಾಯಿ ಉಳಿಯುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಇವುಗಳ ತೆರಿಗೆಯೇ ಶೇ 5ಕ್ಕೆ ಇಳಿದಿದೆ, ಎಲ್ಲರಿಗೂ. ಬಿಸ್ಕತ್ತು, ಶಾಂಪೂ, ತುಪ್ಪ ಕೂಡ ಶೇ 5ಕ್ಕೆ ಬಂದಿವೆ. ಈಗ ಅರ್ಧ ಮರಳಿದರೆ ಉಳಿಯುವುದು ಎರಡೂವರೆ ರೂಪಾಯಿ. ನಿಮ್ಮ ಮನೆಗೆ ತಿಂಗಳಿಗೆ ಎರಡೂವರೆ ಸಾವಿರದ ಇಂಥ ಸಾಮಾನು ಬೇಕೆನ್ನಿ. ತೆರಿಗೆ 125 ರೂಪಾಯಿ, ಅದರ ಅರ್ಧ 62 ರೂಪಾಯಿ 50 ಪೈಸೆ. ಅಷ್ಟೇ. ನಮ್ಮ ಕಡೆ ಮನೆಯ ದೊಡ್ಡ ಖರ್ಚು ಯಾವುದು ತಂಗಿ? ಜೋಳ, ಅಕ್ಕಿ, ಬೇಳೆ, ಖಾರ, ಹಾಲು, ಕಾಯಿಪಲ್ಲೆ, ಮಕ್ಕಳ ಫೀ, ದವಾಖಾನೆ. ಸಂತೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ಜೋಳಕ್ಕೆ ಮೊದಲಿನಿಂದಲೂ ಜಿಎಸ್‌ಟಿ ಇಲ್ಲ. ಆ ಕ್ಯಾಂಟೀನಿಗೆ ಹೋದರೂ ನಿಮ್ಮ ರೊಟ್ಟಿಯ ಖರ್ಚು ಕಡಿಮೆಯಾಗುವುದಿಲ್ಲ.

ಹಾಗೆಂದು ಏನೂ ಇಲ್ಲ ಎನ್ನುವಂತಿಲ್ಲ. ದೊಡ್ಡ ಸಾಮಾನಿನಲ್ಲಿ ಲಾಭ ಈಗಲೂ ಗಟ್ಟಿಯಾಗಿದೆ. ಎಂಬತ್ತು ಸಾವಿರ ಮೂಲ ಬೆಲೆಯ ಮೋಟರ್‌ಸೈಕಲ್ಲಿಗೆ ಶೇ 18ರಂತೆ 14,400 ತೆರಿಗೆ. ಅರ್ಧ ಅಂದರೆ 7,200 ಉಳಿಯಿತು. ಇಪ್ಪತ್ತು ಸಾವಿರದ ಫ್ರಿಜ್ಜಿಗೆ 1,800. ಇಂಥ ಸಾಮಾನಿಗೆ ಕ್ಯಾಂಟೀನಿನವರು ಎಎಫ್‌ಡಿ ಎನ್ನುತ್ತಾರೆ. ಮೊದಲೇ ಬೇಡಿಕೆ ಕೊಟ್ಟು ತರಿಸುವ ಸಾಮಾನು. 2021ರ ಜನವರಿಯಿಂದ ಅದನ್ನು ಆನ್‌ಲೈನಿನಲ್ಲೇ ಬೇಡಬಹುದು. ನಿಮ್ಮ ನೆಗೆಣ್ಣಿಯ ಮನೆಯಲ್ಲಿ ಫ್ರಿಜ್ಜು ಇದ್ದರೆ ಅದು ಬಂದದ್ದು ಹೀಗೇ ಇರಬೇಕು. ಆದರೆ ಫ್ರಿಜ್ಜು ಹತ್ತು ವರ್ಷಕ್ಕೊಮ್ಮೆ ತೆಗೆದುಕೊಳ್ಳುವ ವಸ್ತು. ಸರ್ಕಾರಕ್ಕೂ ದೊಡ್ಡ ಸಾಮಾನಿನ ಈ ರಿಯಾಯಿತಿ ನುಂಗಲಾರದ ತುತ್ತಾಗಿದೆ ಎನ್ನುವುದಕ್ಕೆ ಸಾಕ್ಷಿ ಬೇಕೆಂದರೆ, 2019ರಲ್ಲಿ ಕಾರು ಕೊಳ್ಳುವ ಸೈನಿಕರಿಗೇ ಬೆಲೆಯ ಮಿತಿ, ವರ್ಷದ ಮಿತಿ ಹಾಕಿದರು. ಇದ್ದವರಿಗೇ ಬಿಗಿ ಮಾಡುತ್ತಿರುವಾಗ ಹೊಸಬರಿಗೆ ಆ ಪಟ್ಟಿ ತೆರೆಯುವುದು ಕಷ್ಟ.

ಇಲ್ಲಿ ನನ್ನದೊಂದು ಹಳೆಯ ಮಾತು ಹೇಳಬೇಕು. ಉತ್ತರದ ಒಂದು ಊರಿನಲ್ಲಿ ನಮ್ಮ ಪಲ್ಟನ್ ಇದ್ದಾಗ, ಬೇಸಿಗೆಯಲ್ಲಿ ಉಗ್ರಾಣದ ಹಿಂದಿನ ಒಣಹುಲ್ಲಿಗೆ ಬೆಂಕಿ ಬಿತ್ತು. ನಮ್ಮವರ ಜೊತೆಗೆ ಊರಿನ ಅಗ್ನಿಶಾಮಕ ಗಾಡಿಯೂ ಬಂತು. ಎರಡು ತಾಸಿನಲ್ಲಿ ಆರಿಸಿದರು. ಮುಖವೆಲ್ಲ ಮಸಿಯಾಗಿದ್ದ ಒಬ್ಬ ಹುಡುಗ ಕ್ಯಾಂಟೀನ್ ತೆರೆದದ್ದು ನೋಡಿ ಬಂದ. ಮನೆಯಲ್ಲಿ ಕೂಸಿದೆ, ಒಂದು ಡಬ್ಬಿ ಹಾಲಿನ ಪುಡಿ ಸಿಗಬಹುದೇ ಎಂದ. ಕಾರ್ಡು ಕೇಳಿದೆ. ಇರಲಿಲ್ಲ. ಕೊಡಲು ಬರುವುದಿಲ್ಲ ಎಂದೆ. 'ಹೌದು ಸಾಬ್, ಕಾನೂನು ಇದ್ದೀತು' ಎಂದು ಹೋದ. ಅವನ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ಬ, ಅದೇ ಬೆಂಕಿ ಆರಿಸಿದವನು, ಅದೇ ಮಸಿ ಮೆತ್ತಿಕೊಂಡವನು, ತನ್ನ ಕಾರ್ಡು ಕೊಟ್ಟು ಎರಡು ಪುಡಿಕೆ ಬಿಸ್ಕತ್ತು ತೆಗೆದುಕೊಂಡ. ಅವನು ನಮ್ಮ ರಕ್ಷಣಾ ಇಲಾಖೆಯ ಪಗಾರ ಪಡೆಯುವ ಫೈರ್‌ಮನ್. ಮೂವತ್ತು ವರ್ಷವಾಗಲಿಕ್ಕೆ ಬಂತು, ಆ ಹುಡುಗನ ಮುಖ ನನ್ನ ಕಣ್ಣಮುಂದಿನಿಂದ ಹೋಗಿಲ್ಲ.

ನಾನು ಅಂದು ಮಾಡಿದ್ದು ನಿಯಮದ ಪ್ರಕಾರ ಸರಿ. ಆದರೆ ಅಂದೇ ನನಗೆ ಒಂದು ಸಂಗತಿ ತಿಳಿಯಿತು. ಈ ಸೌಲಭ್ಯವನ್ನು ಯಾರ ಕೆಲಸದಲ್ಲಿ ಅಪಾಯ ಎಷ್ಟಿದೆ ಎಂದು ತೂಗಿ ಕೊಟ್ಟಿಲ್ಲ. ಪಗಾರ ಯಾವ ಖಾತೆಯಿಂದ ಬರುತ್ತದೆ ಎಂದು ನೋಡಿ ಕೊಟ್ಟಿದ್ದಾರೆ. ರಕ್ಷಣಾ ಬಜೆಟ್ಟಿನಿಂದ ಸಂಬಳ ಪಡೆಯುವ ಗುಮಾಸ್ತನಿಗೂ, ಅಡುಗೆಯವನಿಗೂ ಕಾರ್ಡಿದೆ. ಕರಾವಳಿ ರಕ್ಷಕ ಪಡೆಯವರಿಗೆ ಇದೆ. ಹಿಂಡಲಗಾ ಜೈಲಿನ ಗೋಡೆ ಕಾಯುವವನಿಗೆ ಇಲ್ಲ. ನಿಮ್ಮ ಯಜಮಾನರಿಗಿಲ್ಲ. ನಿಮ್ಮ ಯಜಮಾನರ ಕೆಲಸ ಸಣ್ಣದೆಂದು ಯಾರೂ ತೀರ್ಮಾನಿಸಿದ್ದಲ್ಲ ಇದು. ಅವರಿಗೆ ಪಗಾರ ಕೊಡುವ ಧಣಿ ಬೇರೆ. ಆದ್ದರಿಂದ ಕೇಳಬೇಕಾದದ್ದು ಆ ಧಣಿಯನ್ನು.

ಅಮೆರಿಕದಲ್ಲಿ ಕೂಡ ಈ ಪ್ರಶ್ನೆ ಎದ್ದಿತ್ತು. ಅಲ್ಲಿ ಸೈನಿಕರ ಕಿರಾಣಿ ಅಂಗಡಿಗಳಿಗೆ ಕಮಿಸರಿ ಎನ್ನುತ್ತಾರೆ; ಬಿಲ್ಲಿನ ಮೇಲೆ ಶೇ 5 ಸೇರಿಸುತ್ತಾರೆ, ಆ ಐದು ಅಂಗಡಿ ಕಟ್ಟುವುದಕ್ಕೆ, ದುರಸ್ತಿಗೆ. ಸೇನಾ ನೆಲೆಯೊಳಗೇ ಕೆಲಸ ಮಾಡುವ ಅಗ್ನಿಶಾಮಕದವರು, ಪೊಲೀಸರು ಸೇನೆಯವರಲ್ಲವಾದ್ದರಿಂದ ಅಲ್ಲಿ ಊಟದ ಸಾಮಾನು ಕೂಡ ಕೊಳ್ಳುವಂತಿರಲಿಲ್ಲ. ದಿನವಿಡೀ ಪಾಳಿ, ಹೊರಗೆ ಹೋಗುವಂತಿಲ್ಲ, ಒಳಗೆ ಕೊಳ್ಳುವಂತಿಲ್ಲ. 2021ರ ರಕ್ಷಣಾ ಕಾಯ್ದೆಯಲ್ಲಿ ಅವರಿಗೆ ಆಹಾರ ಮತ್ತು ಸೋಪು-ಪೇಸ್ಟಿನಂಥ ಸಾಮಾನು ಕೊಳ್ಳಲು ದಾರಿ ಮಾಡಿದರು. ಅದು ಕೂಡ ನೆಲೆಯ ಬೇಲಿಯೊಳಗೆ ದುಡಿಯುವವರಿಗೆ ಮಾತ್ರ. ಊರಿನ ಎಲ್ಲ ಅಗ್ನಿಶಾಮಕದವರಿಗೆ ಅವರೂ ತೆರೆಯಲಿಲ್ಲ. ನಮ್ಮಲ್ಲಿ ಬೇಲಿಯೊಳಗೆ ರಕ್ಷಣಾ ಇಲಾಖೆಯ ಪಗಾರ ಪಡೆಯುವವರಿಗೆ ಕಾರ್ಡಿದೆ.

ನಿಮ್ಮ ಭಾವನವರಂಥವರ ಮಾತನ್ನೂ ಕೇಳಬೇಕು. ಜವಾನ ಹದಿನೆಂಟು-ಇಪ್ಪತ್ತಕ್ಕೆ ಸೇರುತ್ತಾನೆ, ಮೂವತ್ತೈದು-ನಲವತ್ತರೊಳಗೆ ಮನೆಗೆ ಬರುತ್ತಾನೆ. ಮಕ್ಕಳು ಇನ್ನೂ ಕನ್ನಡ ಸಾಲೆಯಲ್ಲಿರುತ್ತವೆ, ಕೈಯಲ್ಲಿ ಅರ್ಧ ಪಗಾರದ ಪಿಂಚಣಿ. ಊರಿನ ಪೊಲೀಸ್, ಅಗ್ನಿಶಾಮಕದವರು ಅರವತ್ತರ ತನಕ ಪಗಾರ ಪಡೆಯುತ್ತಾರೆ, ಸಂಜೆ ಅಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ಮನೆಯ ಮುಖ ನೋಡುತ್ತಾರೆ. ಈ ಕಾರ್ಡು ಆ ಕಳೆದುಹೋದ ಇಪ್ಪತ್ತು ವರ್ಷಕ್ಕೆ ಕೊಟ್ಟ ಸಣ್ಣ ಪರಿಹಾರ ಎಂದು ಮಾಜಿ ಸೈನಿಕರು ತಿಳಿದಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ಪಿಂಚಣಿ ಬಂದ ವಾರ ಕ್ಯಾಂಪಿನಲ್ಲಿ ಸರದಿ ನೋಡಿದ್ದೀರಾ? ಖಾನಾಪುರ, ಹುಕ್ಕೇರಿ, ನಿಪ್ಪಾಣಿ ಕಡೆಯಿಂದ ಎಪ್ಪತ್ತು ದಾಟಿದ ಅಜ್ಜಂದಿರು ಕೈಚೀಲ ಹಿಡಿದು ಬೆಳಿಗ್ಗೆ ಬಂದಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೇಕಾದ ಸಾಮಾನು ಖಾಲಿ. 2021ರಲ್ಲಿ ರಕ್ಷಣಾ ಸಚಿವಾಲಯವೇ ಸಿಎಸ್‌ಡಿಯ ಫಲಾನುಭವಿಗಳು ಸುಮಾರು 45 ಲಕ್ಷ ಎಂದಿತ್ತು. ದೇಶದಲ್ಲಿ ರಾಜ್ಯ ಪೊಲೀಸರೇ 20 ಲಕ್ಷಕ್ಕೂ ಹೆಚ್ಚಿದ್ದಾರೆ. ನಿವೃತ್ತರಾದವರು, ಅಗ್ನಿಶಾಮಕ, ಜೈಲು, ಗೃಹರಕ್ಷಕ, ಆಂಬ್ಯುಲೆನ್ಸು ಎಲ್ಲ ಸೇರಿಸಿದರೆ ಸರದಿ ಎರಡು ಪಟ್ಟಾಗುತ್ತದೆ, ಗೋದಾಮು ಅಷ್ಟೇ ಇರುತ್ತದೆ.

ಇನ್ನೊಂದು ಮಾತಿದೆ, ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2022ರಲ್ಲಿ ಅಗ್ನಿಪಥ ಬಂತು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಎಷ್ಟೊಂದು ಹುಡುಗರು ಬೆಳಗಿನ ಜಾವ ಎದ್ದು ಓಡಿ ಓಡಿ ಅಗ್ನಿವೀರರಾಗಿದ್ದಾರೆ. ಸೇವೆಯಲ್ಲಿರುವ ನಾಲ್ಕು ವರ್ಷ ಅವರಿಗೆ ಕ್ಯಾಂಟೀನ್ ಇದೆ. ನಾಲ್ಕು ವರ್ಷವಾದ ಮೇಲೆ ಹೊರಬೀಳುವವರಿಗೆ ಮಾಜಿ ಸೈನಿಕನ ದರ್ಜೆಯೂ ಇಲ್ಲ, ಕ್ಯಾಂಟೀನ್ ಕಾರ್ಡೂ ಇಲ್ಲ ಎಂದು ಯೋಜನೆಯ ಷರತ್ತಿನಲ್ಲೇ ಬರೆದಿದೆ. ಮಂಜಿನಲ್ಲಿ ನಿಂತು ಬಂದ ಹುಡುಗನಿಗೆ ಬಾಗಿಲು ಮುಚ್ಚುವಾಗ, ಅದೇ ಬಾಗಿಲನ್ನು ಬೇರೆಯವರಿಗೆ ತೆರೆಯಿರಿ ಎಂದು ನೀವು ಕೇಳಿದರೆ ಆ ಹುಡುಗನ ತಾಯಿ ಏನಂದಾಳು? ಆ ಕಾರ್ಡಿನ ಪಟ್ಟಿಗೆ ಯಾರನ್ನಾದರೂ ಸೇರಿಸುವುದಾದರೆ ಮೊದಲ ಹೆಸರು ಅವನದಿರಬೇಕು. ಇದು ನನ್ನ ಅಭಿಪ್ರಾಯ, ಇದನ್ನು ಮುಚ್ಚಿಡುವುದಿಲ್ಲ.

ಹಾಗಾದರೆ ನಿಮಗೇನೂ ಇಲ್ಲವೇ? ಇದೆ, ತಂಗಿ. ನಿಮಗೆ ಹತ್ತಿರದಲ್ಲೇ ಒಂದು ದಾರಿ ಇದೆ, ಅದು ಅರ್ಧ ತೆರೆದೂ ಇದೆ.

ಬೆಳಗಾವಿಯಲ್ಲಿ ನಮಗೆ ಖಾಕಿ, ಹಸಿರು ಕಂಡರೆಲ್ಲ ಮಿಲಿಟರಿ ಎನಿಸುತ್ತದೆ. 1922ರಿಂದ ಮರಾಠಾ ರೆಜಿಮೆಂಟಿನ ಕೇಂದ್ರ ಇಲ್ಲಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಇದೆ; ಇವರೆಲ್ಲ ಸಿಎಸ್‌ಡಿಯವರು. ಆದರೆ ಖಾನಾಪುರ ತಾಲೂಕಿನ ತೋರಾಳಿಯಲ್ಲಿ ಕಾಡಿನ ಯುದ್ಧ ಕಲಿಯುವ ಕೋಬ್ರಾ ಕಮಾಂಡೊಗಳು ಸಿಆರ್‌ಪಿಎಫ್‌ನವರು, ಹಾಲಭಾವಿಯವರು ಐಟಿಬಿಪಿ. ಇವರು ಕೇಂದ್ರ ಗೃಹ ಸಚಿವಾಲಯದ ಪಡೆಗಳು. ಸೈನಿಕರಷ್ಟೇ ಕಷ್ಟ ಇವರದೂ. ಇವರಿಗಾಗಿ 2006ರಲ್ಲಿ ಸೆಂಟ್ರಲ್ ಪೊಲೀಸ್ ಕ್ಯಾಂಟೀನ್ ಎಂದು ಬೇರೆಯದೇ ವ್ಯವಸ್ಥೆ ಕಟ್ಟಿದರು. ಈಗ ಅದರ ಹೆಸರು ಕೇಂದ್ರೀಯ ಪೊಲೀಸ್ ಕಲ್ಯಾಣ ಭಂಡಾರ. ರಾಜ್ಯ ಪೊಲೀಸರ ಕ್ಯಾಂಟೀನುಗಳೂ ಇದರ ಕೆಳಗೆ ಸೇರಿಕೊಳ್ಳಬಹುದು. ಕೇರಳದಲ್ಲಿ ಜಿಲ್ಲೆಗಳಲ್ಲಿ ಇಂಥ ಪೊಲೀಸ್ ಕ್ಯಾಂಟೀನುಗಳು ನಡೆಯುತ್ತಿವೆ, ನಮ್ಮ ರಾಜ್ಯದಲ್ಲೂ ಪೊಲೀಸ್ ಕ್ಯಾಂಟೀನುಗಳಿವೆ.

ಈ ಭಂಡಾರಕ್ಕೆ ಬಹಳ ವರ್ಷ ಒಂದು ಕೊರತೆ ಇತ್ತು. ಸಿಎಸ್‌ಡಿಗೆ ಸಿಕ್ಕ ತೆರಿಗೆಯ ಅರ್ಧ ವಾಪಸು ಇವರಿಗೆ ಇರಲಿಲ್ಲ. ಅರೆಸೇನಾ ಪಡೆಯ ಜವಾನರು, ಅವರ ಮನೆಯವರು ವರ್ಷಗಟ್ಟಲೆ ಕೇಳಿದರು. ಕೊನೆಗೆ 2024ರ ಏಪ್ರಿಲ್ 1ರಿಂದ ಗೃಹ ಸಚಿವಾಲಯ ಜಿಎಸ್‌ಟಿಯ ಅರ್ಧದಷ್ಟು ನೆರವು ಕೊಡಲು ಶುರುಮಾಡಿತು. ಹೇಗೆ ಕೊಟ್ಟಿತು ಎನ್ನುವುದನ್ನು ಗಮನಿಸಿ, ನಿಮ್ಮ ಕೆಲಸಕ್ಕೆ ಬರುವುದು ಅದೇ. ಜಿಎಸ್‌ಟಿಯ ನಿಯಮ ತಿದ್ದಲು ಎಲ್ಲ ರಾಜ್ಯಗಳೂ ಕೂತ ಪರಿಷತ್ತು ಒಪ್ಪಬೇಕು. ಗೃಹ ಸಚಿವಾಲಯ ಆ ಗೊಡವೆಗೆ ಹೋಗದೆ, ತನ್ನ ಬಜೆಟ್ಟಿನಿಂದಲೇ ಆ ಅರ್ಧವನ್ನು ತುಂಬಿಕೊಟ್ಟಿತು. ತೆರಿಗೆ ತೆರಿಗೆಯಾಗಿಯೇ ಉಳಿಯಿತು, ಜವಾನನ ಬಿಲ್ಲು ಕಡಿಮೆಯಾಯಿತು. ಇದನ್ನು ಯಾವ ಸರ್ಕಾರ ಬೇಕಾದರೂ ಮಾಡಬಹುದು. ರಾಜ್ಯವೂ ಮಾಡಬಹುದು.

ಈಗ ನಮ್ಮ ಕರ್ನಾಟಕಕ್ಕೆ ಬನ್ನಿ. ಸಂವಿಧಾನದಲ್ಲಿ ಪೊಲೀಸು ರಾಜ್ಯದ ವಿಷಯ. ಅಗ್ನಿಶಾಮಕ ಸೇವೆ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತದ ಪಟ್ಟಿಯಲ್ಲಿ ಬರುತ್ತದೆ, ನಮ್ಮಲ್ಲಿ ರಾಜ್ಯ ಸರ್ಕಾರವೇ ನಡೆಸುತ್ತದೆ. ನಮ್ಮಲ್ಲಿ ಪೊಲೀಸ್, ಅಗ್ನಿಶಾಮಕ ಮತ್ತು ತುರ್ತು ಸೇವೆ, ಗೃಹರಕ್ಷಕ ದಳ, ಕಾರಾಗೃಹ, ಈ ನಾಲ್ಕೂ ಒಂದೇ ಗೃಹ ಇಲಾಖೆಯ ಕೆಳಗಿವೆ. ಒಂದೇ ಮನೆಯ ನಾಲ್ಕು ಮಕ್ಕಳು. ಪೊಲೀಸ್ ಕ್ಯಾಂಟೀನಿನಲ್ಲಿ ಉಳಿದ ಮೂವರಿಗೂ ತಟ್ಟೆ ಹಾಕಲು ದಿಲ್ಲಿಯ ರಕ್ಷಣಾ ಸಚಿವಾಲಯದ ತನಕ ಹೋಗಬೇಕಾಗಿಲ್ಲ. ಮೊದಲ ಹೆಜ್ಜೆ ಬೆಂಗಳೂರಿನಿಂದಲೇ ಬೀಳಬೇಕು. ನಿಮ್ಮ ಮನವಿ ಹೋಗಬೇಕಾದದ್ದು ಅಲ್ಲಿಗೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಇಡೀ ಸರ್ಕಾರವೇ ನಿಮ್ಮ ಜಿಲ್ಲೆಗೆ ಬರುತ್ತದೆ. ಮನವಿ ಕೊಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆ ಹತ್ತು ದಿನ ನಿಮ್ಮ ಯಜಮಾನರಂಥವರೇ ಅಲ್ಲಿ ಗಾಡಿ ನಿಲ್ಲಿಸಿಕೊಂಡು ಹಗಲು-ರಾತ್ರಿ ಕಾದಿರುತ್ತಾರೆ.

ಆದರೆ ಕ್ಯಾಂಟೀನು ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇದ್ದರೆ ಬೈಲಹೊಂಗಲದವರಿಗೆ ಏನು ಬಂತು? ಬೆಳಗಾವಿ ಜಿಲ್ಲೆ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಾಗಿಲ್ಲ. ಅಥಣಿಯ ಫೈರ್‌ಮನ್ ಒಂದು ರಜೆ ಹಾಳುಮಾಡಿಕೊಂಡು ಬೆಳಗಾವಿಗೆ ಬಂದು ಸೋಪು ಒಯ್ಯಬೇಕೇ? ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಕೆಎಸ್‌ಆರ್‌ಪಿ, ಅಂದರೆ ರಾಜ್ಯ ಮೀಸಲು ಪೊಲೀಸರ ಮೈದಾನದ ಹತ್ತಿರ ಇರುವವರಿಗೆ ಮಾತ್ರ ಅನುಕೂಲವಾಗುವ ಸೌಲಭ್ಯವನ್ನು ಸೌಲಭ್ಯ ಎನ್ನಲಾಗದು. ಅದಕ್ಕೆ ಮನವಿಯಲ್ಲಿ ಒಂದು ಸಾಲು ಸೇರಿಸಿ: ತಿಂಗಳಿಗೆ ಒಂದು ದಿನ ಪ್ರತಿ ತಾಲೂಕಿನ ಪೊಲೀಸ್ ಠಾಣೆಗೋ ಅಗ್ನಿಶಾಮಕ ಠಾಣೆಗೋ ಸಾಮಾನಿನ ವ್ಯಾನು ಬರಲಿ, ಬೇಡಿಕೆ ಮೊದಲೇ ಕೊಟ್ಟಿರುತ್ತೇವೆ. ಗಡಿಯ ಠಾಣ್ಯಗಳಿಗೆ ನಾವು ಹೀಗೇ ಟ್ರಕ್ಕಿನಲ್ಲಿ ಸಾಮಾನು ಕಳಿಸುತ್ತಿದ್ದೆವು. ಇಬ್ಬರು ಜನ, ಒಂದು ಗಾಡಿ, ಒಂದು ರಿಜಿಸ್ಟರು. ನಡೆಯುತ್ತದೆ.

ನಿಮ್ಮ ತಮ್ಮನ ವಿಷಯ ಬೇರೆ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಗೃಹರಕ್ಷಕನನ್ನು ಕಾನೂನು ನೌಕರ ಎನ್ನುವುದಿಲ್ಲ, ಸ್ವಯಂಸೇವಕ ಎನ್ನುತ್ತದೆ. ಕರೆದ ದಿನಕ್ಕೆ ಭತ್ಯೆ. ಜಾತ್ರೆಯಲ್ಲಿ, ಚುನಾವಣೆಯಲ್ಲಿ, ಗಣಪತಿ ಮೆರವಣಿಗೆಯಲ್ಲಿ ಪೊಲೀಸರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವವನು ತಿಂಗಳ ಕೊನೆಗೆ ಎಷ್ಟು ದಿನ ಕರೆದರು ಎಂದು ಲೆಕ್ಕ ಹಾಕಬೇಕು. 2015ರ ಮಾರ್ಚಿನಲ್ಲಿ ಹಿಮಾಚಲದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಗೃಹರಕ್ಷಕರನ್ನು ಕಾಯಂ ಮಾಡಬೇಕೆಂದು ಹೇಳಲಾಗದು, ಆದರೆ ಮೂವತ್ತು ದಿನದ ಭತ್ಯೆ ಕೂಡಿಸಿದರೆ ಪೊಲೀಸ್ ಪೇದೆಯ ಕನಿಷ್ಠ ವೇತನದಷ್ಟು ಆಗುವ ಹಾಗೆ ಕೊಡಿ ಎಂದು. ನಿಮ್ಮ ತಮ್ಮನಿಗೆ ಕ್ಯಾಂಟೀನ್ ಕಾರ್ಡಿಗಿಂತ ಮೊದಲು ಬೇಕಾದದ್ದು ತಿಂಗಳಿಡೀ ಕೆಲಸ ಮತ್ತು ಆ ಲೆಕ್ಕದ ಭತ್ಯೆ. ಹಸಿದವನಿಗೆ ಅಗ್ಗದ ಅಂಗಡಿ ತೋರಿಸಿದರೆ ಆಗಲಿಲ್ಲ, ಕೊಳ್ಳಲು ಕೈಯಲ್ಲಿ ದುಡ್ಡಿರಬೇಕು. ಅವನ ಬೇಡಿಕೆಯನ್ನು ಕ್ಯಾಂಟೀನಿನ ಮನವಿಯೊಳಗೆ ಮುಳುಗಿಸಬೇಡಿ, ಬೇರೆ ಕಾಗದದಲ್ಲಿ ಬರೆಯಿರಿ.

108 ಆಂಬ್ಯುಲೆನ್ಸಿನವರು ಇನ್ನೂ ತೊಡಕು. 2008ರಿಂದ ನಮ್ಮ ರಾಜ್ಯದಲ್ಲಿ ಆ ಗಾಡಿ ಓಡುತ್ತಿದೆ, ಎಷ್ಟು ಬಾಣಂತಿಯರು, ಎಷ್ಟು ಅಪಘಾತದವರು ಬದುಕಿದರೋ ಲೆಕ್ಕವಿಲ್ಲ. ಆದರೆ ಓಡಿಸುವ ಹುಡುಗ, ಒಳಗೆ ಕೂತ ನರ್ಸು ಗುತ್ತಿಗೆಯ ಮೇಲೆ ದುಡಿಯುತ್ತ ಬಂದವರು, ಇಲಾಖೆ ಆರೋಗ್ಯದ್ದು. ಗೃಹ ಇಲಾಖೆಯ ಒಂದು ಆದೇಶದಲ್ಲಿ ಇವರು ಬರುವುದಿಲ್ಲ. ಒಳಚರಂಡಿ, ಕಸದ ಕೆಲಸದ ಪೌರಕಾರ್ಮಿಕರೂ ಹಾಗೆಯೇ. ನೀವು ಪಟ್ಟಿಯಲ್ಲಿ ಅವರನ್ನು ಬರೆದಿಲ್ಲ, ನಾನು ನೆನಪಿಸುತ್ತಿದ್ದೇನೆ. ಊರಿನ ಸುರಕ್ಷತೆ ಎಂದ ಮೇಲೆ ಪೂರ ಇಳಿದ ಮಾರನೆಯ ದಿನ ಗೋಕಾಕದ ಓಣಿಗಳಲ್ಲಿ ಮೊಳಕಾಲು ತನಕದ ರಾಡಿ ಎತ್ತಿದವರನ್ನು ಬಿಡಲು ಬರುವುದಿಲ್ಲ.

ಇಂಥವರಿಗೆ ಇನ್ನೊಂದು ದಾರಿ ಇದೆ, ಅದು ನಮ್ಮ ನೆಲದ್ದೇ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ನೂರಿಪ್ಪತ್ತು ವರ್ಷದಿಂದ ಉತ್ತರ ಕರ್ನಾಟಕದವರಿಗೆ ಸಂಘ ಕಟ್ಟುವುದು ಗೊತ್ತು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಬಳಕೆದಾರರ ಸಹಕಾರ ಸಂಘ ನೋಂದಾಯಿಸಬಹುದು. ಅಗ್ನಿಶಾಮಕ, ಗೃಹರಕ್ಷಕ, ಆಂಬ್ಯುಲೆನ್ಸು, ಪೌರಕಾರ್ಮಿಕರ ಮನೆಯವರು ಸೇರಿ ತಾಲೂಕಿಗೊಂದು ಸಂಘ ಮಾಡಿದರೆ, ತಲೆಗೆ ಸ್ವಲ್ಪ ಷೇರು ಹಾಕಿದರೆ, ಸಗಟು ದರಕ್ಕೆ ಜೋಳ, ಬೇಳೆ, ಎಣ್ಣೆ ತರಬಹುದು. ಮಿಲಿಟರಿ ಕ್ಯಾಂಟೀನಿನಿಂದ ಕಡಿಮೆಯಾಗದ ನಿಮ್ಮ ರೊಟ್ಟಿಯ ಖರ್ಚು ಇದರಿಂದ ಕಡಿಮೆಯಾಗುತ್ತದೆ. ಆದರೆ ಲೆಕ್ಕ ಬರೆಯುವವರು ಪ್ರಾಮಾಣಿಕರಿರಬೇಕು, ಉದ್ರಿ ಕೊಡಬಾರದು. ಉದ್ರಿಯಿಂದ ಮುಳುಗಿದ ಸಂಘಗಳನ್ನು ಎಣಿಸುತ್ತ ಕೂತರೆ ಹೊತ್ತು ಸಾಲದು. ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಿದರೆ ಕಾಗದಪತ್ರದ ದಾರಿ ಹೇಳುತ್ತಾರೆ.

ನೀವು ಕೇಳಲಿಲ್ಲ, ಆದರೆ ಸಹಿ ಹಾಕಲು ಬಂದವರಲ್ಲಿ ಕೆಲವು ಗಂಡಸರು ಕೇಳಿಯೇ ಕೇಳುತ್ತಾರೆ: ಬಾಟಲಿ ಸಿಗುತ್ತದೆಯೇ ಎಂದು. ಮದ್ಯದ ಕೋಟಾಕ್ಕೆ ಬೇರೆ ಕಾರ್ಡು, ಬೇರೆ ನಿಯಮ. ಅದು ರಾಜ್ಯದ ಅಬಕಾರಿಗೆ ಸೇರಿದ್ದು. ಅದನ್ನು ಮನವಿಯಲ್ಲಿ ತರಬೇಡಿ. ಆ ಒಂದು ಶಬ್ದ ಬಂದರೆ ಉಳಿದ ಪುಟವನ್ನು ಯಾರೂ ಓದುವುದಿಲ್ಲ. ಹೆಣ್ಣುಮಕ್ಕಳು ಮುಂದೆ ನಿಂತು ಕೊಡುವ ಅರ್ಜಿಯ ಬಲವೇ ಅದರಲ್ಲಿರುವುದು ಬರೀ ಮನೆಯ ಸಾಮಾನು ಎನ್ನುವುದರಲ್ಲಿದೆ.

ಮನವಿ ಹೀಗೆ ಶುರುವಾಗಲಿ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಮತ್ತು ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ, ಮಲಪ್ರಭೆಯ ದಂಡೆಯಲ್ಲಿ ಮುನವಳ್ಳಿ, ರಾಮದುರ್ಗ, ಘಟಪ್ರಭೆಯ ದಂಡೆಯಲ್ಲಿ ಗೋಕಾಕ ಮುಳುಗಿದಾಗ, ನಿಮ್ಮ ಯಜಮಾನರು ಯಾವ ಊರಲ್ಲಿದ್ದರು, ಎಷ್ಟು ದಿನ ಇದ್ದರು ಎಂದು ತಾರೀಖು ಸಮೇತ ಬರೆಯಿರಿ. ಆಮೇಲೆ ಕೇಳುವುದು ಮೂರೇ ಮಾತು. ಪೊಲೀಸ್ ಕ್ಯಾಂಟೀನನ್ನು ಅಗ್ನಿಶಾಮಕ, ಗೃಹರಕ್ಷಕ, ಕಾರಾಗೃಹದವರಿಗೂ, ನಿವೃತ್ತರಿಗೂ ತೆರೆಯಿರಿ. ರಾಜ್ಯದ ಪಾಲಿನ ಜಿಎಸ್‌ಟಿಯಲ್ಲಿ ಅರ್ಧವನ್ನು ಬಜೆಟ್ಟಿನಿಂದ ತುಂಬಿಕೊಡಿ, ಕೇಂದ್ರ ಗೃಹ ಸಚಿವಾಲಯ 2024ರಲ್ಲಿ ಮಾಡಿದ ಹಾಗೆ. ತಿಂಗಳಿಗೊಮ್ಮೆ ತಾಲೂಕಿಗೆ ವ್ಯಾನು ಕಳಿಸಿ. ಸಹಿ ಮಾಡುವವರ ಮೊದಲ ಸಾಲಿನಲ್ಲಿ ನಿಮ್ಮ ಭಾವನವರ ಹೆಸರಿರಲಿ. ಮಾಜಿ ಸೈನಿಕನೊಬ್ಬ ತಮ್ಮನ ಪರವಾಗಿ ಸಹಿ ಮಾಡಿದ್ದಾನೆ ಎಂದರೆ ಓದುವವರು ಎರಡು ಸಲ ಓದುತ್ತಾರೆ. ಕರಡು ಆದ ಮೇಲೆ ನನಗೊಂದು ಪ್ರತಿ ಕಳಿಸಿ, ಲೆಕ್ಕದ ಭಾಗ ನೋಡಿ ತಿದ್ದಿಕೊಡುತ್ತೇನೆ. ಅಧಿವೇಶನದ ಹೊತ್ತಿಗೆ ನಾನೂ ಬೆಳಗಾವಿಯಲ್ಲೇ ಇರುತ್ತೇನೆ, ಕರೆದರೆ ಜೊತೆಗೆ ಬರುತ್ತೇನೆ.